ಗಣಕಯಂತ್ರವೂ ಅವಧಾನವೂ

ಏಕಕಾಲದಲ್ಲಿ ಹತ್ತು ಕೆಲಸಗಳನ್ನು ಮಾಡಬಲ್ಲವನೇ ಚತುರನೆಂಬ ಭಾವನೆ ಇಂದು ನಮ್ಮಲ್ಲಿ ಬೇರೂರುತ್ತಿದೆ. ಗಣಕಯಂತ್ರದ ಮುಂದೆ ಕುಳಿತಾಗ ಒಂದು ಕಿಟಕಿಯಲ್ಲಿ ವಿಜ್ಞಾನದ ಪಾಠ, ಇನ್ನೊಂದರಲ್ಲಿ ಚಲನಚಿತ್ರದ ಹಾಡು, ಮತ್ತೊಂದರಲ್ಲಿ ಕ್ರಿಕೆಟ್ ಪಂದ್ಯದ ಸ್ಕೋರು, ಪಕ್ಕದ ಮೊಬೈಲಿನಲ್ಲಿ ಗೆಳೆಯರ ಸಂದೇಶಗಳು, ಇವೆಲ್ಲವೂ ಜೊತೆಜೊತೆಯಾಗಿ ಸಾಗುತ್ತಿರುತ್ತವೆ. ಹಿರಿಯರು ಆಕ್ಷೇಪಿಸಿದರೆ, “ಯಂತ್ರವೇ ಇಷ್ಟನ್ನೂ ಒಟ್ಟಿಗೆ ನಡೆಸುತ್ತಿರುವಾಗ ನಾವೇಕೆ ನಡೆಸಬಾರದು?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸಬೇಕಾದರೆ, ಯಂತ್ರವು ಆ ಕೆಲಸಗಳನ್ನು ಹೇಗೆ ನಡೆಸುತ್ತದೆಂಬುದನ್ನು ಮೊದಲು ತಿಳಿಯಬೇಕು.

ಅಷ್ಟಾವಧಾನವೆಂಬ ಕಲೆಯನ್ನು ಹೈದರಾಬಾದಿನಲ್ಲಿರುವ ನಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ತೆಲುಗು ನಾಡಿನಲ್ಲಿ ಅದು ಬಹುಕಾಲದಿಂದ ಜನಾದರವನ್ನು ಪಡೆದಿದೆ. ಕನ್ನಡದಲ್ಲಿ ಅದಕ್ಕೆ ಹೊಸ ಜೀವವನ್ನು ತುಂಬಿದವರು ಶತಾವಧಾನಿ ಡಾ. ಆರ್. ಗಣೇಶರು, 2012ರಲ್ಲಿ ಅವರು ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು. ಅಷ್ಟಾವಧಾನದಲ್ಲಿ ಅವಧಾನಿಯನ್ನು ಎಂಟು ಮಂದಿ ಪೃಚ್ಛಕರು ಪ್ರಶ್ನಿಸುತ್ತಾರೆ. ಒಬ್ಬರು ಸಮಸ್ಯೆಯ ಸಾಲನ್ನು ಕೊಡುತ್ತಾರೆ. ಒಬ್ಬರು ತಾವು ಕೊಟ್ಟ ಪದಗಳನ್ನೇ ಅಳವಡಿಸಿ ಪದ್ಯವನ್ನು ರಚಿಸಬೇಕೆನ್ನುತ್ತಾರೆ. ಒಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧವನ್ನೊಡ್ಡುತ್ತಾರೆ. ಅಪ್ರಸ್ತುತಪ್ರಸಂಗಿಯಂತೂ ನಡುನಡುವೆ ಹಾಸ್ಯದ ಪ್ರಶ್ನೆಗಳನ್ನೆಸೆದು ಗಮನವನ್ನು ಕೆಡಿಸುವುದಕ್ಕಾಗಿಯೇ ಇರುತ್ತಾರೆ. ಅವಧಾನಿಯು ಮೊದಲನೆಯವರಿಗೆ ಪದ್ಯದ ಒಂದು ಪಾದವನ್ನು ಮಾತ್ರ ಹೇಳಿ ಎರಡನೆಯವರ ಕಡೆಗೆ ತಿರುಗುತ್ತಾರೆ. ಸುತ್ತು ಮುಗಿದ ಮೇಲೆ ಮರಳಿ ಬಂದು, ಬಿಟ್ಟಲ್ಲಿಂದಲೇ ಮುಂದಿನ ಪಾದವನ್ನು ಹೇಳುತ್ತಾರೆ. ಕೊನೆಗೆ ಪೂರ್ಣ ಪದ್ಯಗಳನ್ನೆಲ್ಲ ಧಾರಣದಿಂದ ಒಪ್ಪಿಸುತ್ತಾರೆ. ನೋಡುವವರಿಗೆ ಎಂಟು ಕೆಲಸಗಳು ಒಟ್ಟಿಗೆ ನಡೆದಂತೆ ತೋರುತ್ತದೆ. ಆದರೆ ಯಾವುದೇ ಒಂದು ಕ್ಷಣದಲ್ಲಿ ಅವಧಾನಿಯ ಮನಸ್ಸು ನೆಲೆಸಿರುವುದು ಒಂದೇ ಪಾದದಲ್ಲಿ.

ಒಂದೇ ಕೋರ್ ಇರುವ ಪ್ರೊಸೆಸರ್ ಮಾಡುವುದೂ ಇದನ್ನೇ. ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಕಾಲ ಹಾಡಿನ ಕೆಲಸವನ್ನು ಮಾಡಿ, ಎಲ್ಲಿಗೆ ನಿಲ್ಲಿಸಿದೆನೆಂಬುದನ್ನು ಗುರುತಿಟ್ಟು, ಅದು ಪಾಠದ ಕೆಲಸಕ್ಕೆ ಹೋಗುತ್ತದೆ, ಅನಂತರ ಸಂದೇಶಕ್ಕೆ, ಮತ್ತೆ ಹಾಡಿಗೆ. ಯಾರ ಸರದಿ ಯಾವಾಗ ಎಂಬುದನ್ನು ಆಪರೇಟಿಂಗ್ ಸಿಸ್ಟಂ ಎಂಬ ಮೇಲ್ವಿಚಾರಕನು ನಿರ್ಣಯಿಸುತ್ತಾನೆ. ಈ ಹೊರಳುವಿಕೆ ಅತಿ ಶೀಘ್ರವಾದುದರಿಂದ ನಮ್ಮ ಕಣ್ಣು ಕಿವಿಗಳಿಗೆ ಗೊತ್ತಾಗುವುದಿಲ್ಲ. ಆದರೂ ಪ್ರತಿಯೊಂದು ಹೊರಳುವಿಕೆಗೂ ಸ್ವಲ್ಪ ಕಾಲ ವ್ಯಯವಾಗುತ್ತದೆ. ಯಂತ್ರಕ್ಕೂ ಇದು ಪುಕ್ಕಟೆಯಾಗಿ ಬರುವುದಿಲ್ಲ.

ಹಾಗಾದರೆ ಅನೇಕ ಕೋರ್‌ಗಳ ಪ್ರಯೋಜನವೇನು? 1916ರಲ್ಲಿ ಕಟ್ಟಿದ ನಮ್ಮ ಕಾಚಿಗೂಡ ರೈಲ್ವೆ ನಿಲ್ದಾಣವನ್ನು ನೆನೆದುಕೊಳ್ಳೋಣ. ಅಲ್ಲಿ ಟಿಕೆಟ್ ಕೊಡುವ ಕಿಟಕಿ ಒಂದೇ ಇದ್ದು, ಜನಸಂದಣಿ ಹೆಚ್ಚುತ್ತ ಹೋಯಿತೆಂದು ಭಾವಿಸೋಣ. ಗುಮಾಸ್ತರನ್ನು “ಬೇಗ, ಇನ್ನೂ ಬೇಗ” ಎಂದು ಅವಸರಪಡಿಸಬಹುದು, ಅದಕ್ಕೊಂದು ಮಿತಿಯುಂಟು. ಪ್ರೊಸೆಸರ್‌ಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ವರ್ಷ ವರ್ಷವೂ ಅವುಗಳ ವೇಗವನ್ನು ಏರಿಸುತ್ತ ಬಂದ ತಂತ್ರಜ್ಞರು, 2004ರ ಸುಮಾರಿಗೆ, ಇನ್ನು ಏರಿಸಿದರೆ ಶಾಖವನ್ನು ಹೊರದೂಡುವುದೇ ದುಸ್ಸಾಧ್ಯವೆಂಬ ಸ್ಥಿತಿಯನ್ನು ತಲುಪಿದರು. ಆಗ ಉಳಿದ ದಾರಿಯೆಂದರೆ ಎರಡನೆಯ ಕಿಟಕಿಯನ್ನು ತೆರೆಯುವುದು. ಐಬಿಎಂ ಸಂಸ್ಥೆಯು 2001ರಲ್ಲಿಯೇ ಒಂದೇ ಚಿಪ್ಪಿನಲ್ಲಿ ಎರಡು ಕೋರ್‌ಗಳಿದ್ದ ಪವರ್4 ಪ್ರೊಸೆಸರನ್ನು ದೊಡ್ಡ ಗಣಕಗಳಿಗಾಗಿ ತಂದಿತ್ತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಮೇಜಿನ ಗಣಕಗಳಿಗೂ ಅಂತಹವನ್ನು ಒದಗಿಸಿದವು. ಇಂದು ಸಾಮಾನ್ಯ ಮೊಬೈಲಿನಲ್ಲಿಯೂ ಎಂಟು ಕೋರ್‌ಗಳಿರುವುದು ವಿಶೇಷವಲ್ಲ.

ಇದರ ಲಾಭ ನಿರ್ವಿವಾದವಾದುದು. ಒಂದು ಕೋರ್ ವೈರಸ್ಸಿನ ಶೋಧನೆಯಲ್ಲಿ ತೊಡಗಿದ್ದರೂ, ಇನ್ನೊಂದು ನಾವು ಬರೆಯುತ್ತಿರುವ ಪ್ರಬಂಧಕ್ಕೆ ಅಡ್ಡಿಯಿಲ್ಲದೆ ಒದಗುತ್ತದೆ. ಚಲಿಸುವ ಚಿತ್ರಗಳನ್ನು ಸಿದ್ಧಪಡಿಸುವಂತಹ ದೊಡ್ಡ ಕೆಲಸಗಳನ್ನು ಭಾಗ ಮಾಡಿ ಹಂಚಬಹುದು. 1991ರಲ್ಲಿ ನಮ್ಮ ದೇಶದಲ್ಲಿಯೇ ನಿರ್ಮಿತವಾದ ಪರಮ್ 8000 ಎಂಬ ಸೂಪರ್ ಕಂಪ್ಯೂಟರ್, 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ, ಇವೆರಡೂ ಕೆಲಸವನ್ನು ಹಂಚಿಕೊಂಡು ಮಾಡುವ ಈ ತತ್ತ್ವದ ಮೇಲೆಯೇ ನಿಂತಿವೆ.

ಆದರೆ ಎಲ್ಲ ಕೆಲಸಗಳೂ ಹಂಚಿಕೆಗೆ ಒಗ್ಗುವುದಿಲ್ಲ. ಹಬ್ಬದ ಅಡಿಗೆಗೆ ನಾಲ್ವರು ಸೇರಿ ತರಕಾರಿಯನ್ನು ಬೇಗ ಹೆಚ್ಚಬಹುದು. ನಲವತ್ತು ಮಂದಿ ಸೇರಿದರೂ ಹಾಲು ಮೊಸರಾಗಲು ಒಂದು ರಾತ್ರಿ ಬೇಕೇ ಬೇಕು. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ತಂತ್ರಜ್ಞರು ಈ ಮಿತಿಯನ್ನು ತೋರಿಸಿಕೊಟ್ಟರು. ಒಂದು ಕೆಲಸದ ಅರ್ಧ ಭಾಗವನ್ನು ಹಂಚಲು ಬಾರದಿದ್ದರೆ, ಸಾವಿರ ಕೋರ್‌ಗಳನ್ನು ಜೋಡಿಸಿದರೂ ಅದು ಎರಡು ಪಟ್ಟು ಬೇಗ ಮುಗಿಯಲಾರದು. ಅದಲ್ಲದೆ, ಎರಡು ಕಿಟಕಿಗಳಲ್ಲಿ ಒಂದೇ ಆಸನವನ್ನು ಇಬ್ಬರಿಗೆ ಮಾರದಂತೆ ಎಚ್ಚರ ವಹಿಸಬೇಕಲ್ಲವೆ? ಕೋರ್‌ಗಳೂ ಹಾಗೆಯೇ ಒಂದನ್ನೊಂದು ಕಾಯಬೇಕಾಗುತ್ತದೆ. ಆದುದರಿಂದ ಮನೆಗೆ ಗಣಕವನ್ನು ಕೊಳ್ಳುವಾಗ ಕೋರ್‌ಗಳ ಸಂಖ್ಯೆಗೆ ಮಾತ್ರ ಮರುಳಾಗಬಾರದೆಂದು ನಮ್ಮ ಅಭಿಪ್ರಾಯ. ವಿಂಡೋಸ್ ಇರುವ ಗಣಕದಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದರೆ, ಅನೇಕ ವೇಳೆ ಪ್ರೊಸೆಸರ್ ಸುಮ್ಮನಿದ್ದು, ಮೆಮೊರಿಯೇ ತುಂಬಿಹೋಗಿರುವುದು ಕಾಣುತ್ತದೆ. ಅಂತಹ ಸಂದರ್ಭದಲ್ಲಿ ಬೇಡದ ಕಿಟಕಿಗಳನ್ನು ಮುಚ್ಚುವುದರಿಂದ, ಇಲ್ಲವೆ ಸ್ವಲ್ಪ ಮೆಮೊರಿಯನ್ನು ಸೇರಿಸುವುದರಿಂದ ಹಳೆಯ ಗಣಕವೇ ಚುರುಕಾಗಬಹುದು. ತಂದೆತಾಯಿಗಳ ಹಣವೂ ಉಳಿಯುತ್ತದೆ.

ಇನ್ನು ನಮ್ಮ ಮನಸ್ಸಿನ ಮಾತು. ನಡೆಯುತ್ತ ಮಾತನಾಡುವುದು ನಮಗೆ ಸುಲಭ. ಏಕೆಂದರೆ ನಡೆಯುವುದಕ್ಕೆ ಗಮನ ಬೇಕಾಗಿಲ್ಲ. ಆದರೆ ಪಾಠವನ್ನು ಓದುತ್ತ ಸಂದೇಶವನ್ನು ಬರೆಯುವಾಗ ಎರಡಕ್ಕೂ ಒಂದೇ ಗಮನ ಬೇಕು. ಅದಕ್ಕೆ ಎರಡನೆಯ ಕೋರ್ ನಮ್ಮಲ್ಲಿಲ್ಲ. 2009ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಮಾಧ್ಯಮಗಳನ್ನು ಒಟ್ಟಿಗೆ ಬಳಸುವ ಅಭ್ಯಾಸ ಹೆಚ್ಚಾಗಿದ್ದವರೇ ಬೇಡದ ವಿಷಯವನ್ನು ಬದಿಗಿಡುವುದರಲ್ಲಿಯೂ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದರಲ್ಲಿಯೂ ಹಿಂದೆ ಬಿದ್ದರು. ಅನಂತರದ ಅಧ್ಯಯನಗಳೆಲ್ಲ ಇದನ್ನು ಒಂದೇ ಪ್ರಮಾಣದಲ್ಲಿ ಸಮರ್ಥಿಸಿಲ್ಲವಾದರೂ, ಕೆಲಸವನ್ನು ಬದಲಿಸಿದಾಗಲೆಲ್ಲ ಕಾಲವು ನಷ್ಟವಾಗುತ್ತದೆಂಬುದು ಪ್ರಯೋಗಗಳಿಂದ ಮತ್ತೆ ಮತ್ತೆ ಸಿದ್ಧಪಟ್ಟಿದೆ. ಯಂತ್ರವು ಬಿಟ್ಟಲ್ಲಿಗೆ ತಪ್ಪದೆ ಮರಳುತ್ತದೆ. ಅವಧಾನಿಯೂ ವರ್ಷಗಳ ಸಾಧನೆಯಿಂದ ಮರಳುತ್ತಾರೆ. ನಾವಾದರೋ ಪುಟದ ಯಾವ ಸಾಲಿನಲ್ಲಿದ್ದೆವೆಂದು ಹುಡುಕತೊಡಗುತ್ತೇವೆ. ಮೇಲಾಗಿ, ಅವಧಾನಿಗಳಿಗೆ ಅಪ್ರಸ್ತುತಪ್ರಸಂಗಿಯ ಕಾಟ ಸಭೆಯಲ್ಲಿ ಮಾತ್ರ. ನಾವು ಅವನನ್ನು ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗುತ್ತಿದ್ದೇವೆ!

ಈ ಮಾತು ನಮ್ಮ ನಗರದ ಕನ್ನಡ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಹಿಂದಿಗಳು, ಗಣಕದಲ್ಲಿ ಇಂಗ್ಲಿಷು, ಹೀಗೆ ನಾಲ್ಕಾರು ಭಾಷೆಗಳಲ್ಲಿ ನಾವು ಬಾಳುತ್ತೇವೆ. ಇದು ನಮ್ಮ ಭಾಗ್ಯವೇ ಸರಿ. ಆದರೆ ಪ್ರತಿಯೊಂದು ಭಾಷೆಯೂ ಅದರದರ ಹೊತ್ತಿನಲ್ಲಿ ಬರುವುದರಿಂದಲೇ ಇದು ಸಾಧ್ಯವಾಗಿದೆ. ಬೀದಿಯೂ ಪೇಟೆಯೂ ಉಳಿದ ಭಾಷೆಗಳನ್ನು ತಾವಾಗಿಯೇ ಕಲಿಸುತ್ತವೆ. ಕನ್ನಡವನ್ನು ಓದಿ ಬರೆಯಲು ನಮಗಿರುವುದು ಶಾಲೆಯ ಕೆಲವು ಗಂಟೆಗಳು ಮತ್ತು ಮನೆಯ ಸ್ವಲ್ಪ ಕಾಲ ಮಾತ್ರ. ಆ ಕಾಲವೂ ಚೂರುಚೂರಾದರೆ ಮೊದಲು ಸೊರಗುವುದು ಕನ್ನಡವೇ.

ಆದುದರಿಂದ ಸ್ನೇಹಿತರೆ, ಯಂತ್ರಕ್ಕೆ ಅನೇಕ ಕೋರ್‌ಗಳಿರಲಿ; ಹಿನ್ನೆಲೆಯ ಕೆಲಸಗಳನ್ನು ಅದು ಸಾಗಿಸಲಿ. ನಮ್ಮ ಮುಂದೆ ಮಾತ್ರ ಒಂದು ಹೊತ್ತಿಗೆ ಒಂದು ಕಿಟಕಿ ತೆರೆದಿರಲಿ. ಸಂದೇಶಗಳಿಗೆ ಬೇರೆ ಹೊತ್ತನ್ನು ಗೊತ್ತುಪಡಿಸೋಣ. ಓದುವಾಗ ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡೋಣ. ಮೊದಲಿಗೆ ದಿನಕ್ಕೆ ಅರ್ಧ ಗಂಟೆ ಹೀಗೆ ಓದಿ ನೋಡೋಣ. ಎಷ್ಟು ಪುಟಗಳು ಸಾಗುತ್ತವೆಂಬುದನ್ನು ನಾವೇ ಎಣಿಸಿ ತಿಳಿಯಬಹುದು.