ಯಂತ್ರ ನಡೆಸುವ ವಿದ್ಯೆ ಹೆಣ್ಣುಮಕ್ಕಳಿಗೂ ಸಲ್ಲಲಿ



ಬೇಸಾಯದಲ್ಲಿ ಯಂತ್ರಗಳ ಬಳಕೆ ದಿನೇ ದಿನೇ ಹೆಚ್ಚುತ್ತಿದೆ. ಆಳುಗಳ ಅಭಾವ, ಏರಿದ ಕೂಲಿ, ಹದ ತಪ್ಪುವ ಮುನ್ನ ಕೆಲಸ ಮುಗಿಸಬೇಕಾದ ಅವಸರ ಇವೆಲ್ಲವೂ ಇದಕ್ಕೆ ಕಾರಣ. ಯಂತ್ರ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಯಂತ್ರ ಬಂದಾಗ ಯಾರ ಕೆಲಸ ಹೋಗುತ್ತದೆ, ಯಾರಿಗೆ ಕೆಲಸ ಸಿಗುತ್ತದೆ ಎಂಬುದನ್ನು ಎಂದಾದರೂ ಲೆಕ್ಕ ಹಾಕಿದ್ದೀರಾ?

ಭತ್ತದ ಬೆಳೆಯನ್ನೇ ತೆಗೆದುಕೊಳ್ಳಿ. ಸಸಿ ಕಿತ್ತು ನಾಟಿ ಮಾಡುವವರು, ಕಳೆ ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ನಾಟಿ ಯಂತ್ರ ಗದ್ದೆಗೆ ಇಳಿದ ದಿನ ಅವರ ಕೂಲಿ ನಿಲ್ಲುತ್ತದೆ. ಯಂತ್ರ ನಡೆಸುವವನಿಗೆ ಸಿಗುವ ಸಂಬಳ ಮಾತ್ರ ಬಹುಮಟ್ಟಿಗೆ ಗಂಡಸರ ಪಾಲಾಗುತ್ತದೆ. ಹೀಗೆ ಒಂದೇ ಯಂತ್ರ ಒಬ್ಬರಿಗೆ ಬಡ್ತಿಯಾದರೆ ಇನ್ನೊಬ್ಬರಿಗೆ ನಿರುದ್ಯೋಗವಾಗುತ್ತದೆ. ನಮ್ಮ ದೇಶದಲ್ಲಿ ದುಡಿಯುವ ಮಹಿಳೆಯರಲ್ಲಿ ನೂರಕ್ಕೆ ಸುಮಾರು 64 ಮಂದಿ ಬೇಸಾಯವನ್ನೇ ನಂಬಿದ್ದಾರೆಂದು 2023-24ನೇ ಸಾಲಿನ ಶ್ರಮಶಕ್ತಿ ಸಮೀಕ್ಷೆ ತಿಳಿಸುತ್ತದೆ. ಗಂಡಸರಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 36. ಆದ್ದರಿಂದ ಇದು ಸಣ್ಣ ಪ್ರಶ್ನೆಯಲ್ಲ.

ಕೈಚಳಕ ಅವರಲ್ಲಿ ಇಲ್ಲವೇ?

“ಯಂತ್ರದ ಕೆಲಸ ಹೆಂಗಸರಿಗೆ ಒಗ್ಗುವುದಿಲ್ಲ” ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ಸರಿಯಲ್ಲ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದವರು ಯಾರು? ಎತ್ತಿನ ನಡಿಗೆಗೆ ತಕ್ಕಂತೆ, ಸಾಲಿನ ಉದ್ದಕ್ಕೂ ಹೆಚ್ಚು ಕಡಮೆಯಾಗದಂತೆ ಬೀಜ ಬಿಡುವುದು ಸುಲಭದ ಕೆಲಸವಲ್ಲ. ಬಿತ್ತನೆ ಯಂತ್ರವನ್ನು ಹೊಂದಿಸುವುದೆಂದರೆ ಇದೇ ಕೆಲಸವನ್ನು ಹಲ್ಲಿನ ಚಕ್ರದಿಂದ ಮಾಡಿಸುವುದು. ನಾಟಿ ಯಂತ್ರಕ್ಕೆ ಬೇಕಾದ ಚಾಪೆ ಸಸಿಮಡಿಯನ್ನು ಸಮನಾಗಿ ಬೆಳೆಸಲು, ಸಸಿಯ ವಯಸ್ಸು ನೋಡಿ ಯಂತ್ರಕ್ಕೆ ಒದಗಿಸಲು, ನಾಟಿಯ ಅನುಭವವಿರುವ ಹೆಣ್ಣುಮಗಳಿಗಿಂತ ಮೇಲಾದವರು ಯಾರಿದ್ದಾರೆ? ಅವರಲ್ಲಿ ಬೆಳೆಯ ಜ್ಞಾನವಿದೆ. ಕೊರತೆ ಇರುವುದು ತರಬೇತಿ ಮತ್ತು ಅವಕಾಶಗಳದ್ದು ಮಾತ್ರ.

ಡ್ರೋನ್ ಕಲಿಸಿದ ಪಾಠ

ಕೇಂದ್ರ ಸರ್ಕಾರವು 2023ರ ನವೆಂಬರ್‌ನಲ್ಲಿ ‘ನಮೋ ಡ್ರೋನ್ ದೀದಿ’ ಯೋಜನೆಗೆ ಒಪ್ಪಿಗೆ ನೀಡಿತು. ಮಹಿಳೆಯರ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವುದು ಅದರ ಗುರಿ. ಬೆಲೆಯಲ್ಲಿ ನೂರಕ್ಕೆ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ: 5 ದಿನ ಹಾರಾಟಕ್ಕೆ, 10 ದಿನ ಪೋಷಕಾಂಶ ಮತ್ತು ಪೀಡೆನಾಶಕಗಳ ಸಿಂಪರಣೆಗೆ.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಡ್ರೋನ್ ಎಕರೆಗೆ ಸುಮಾರು 10 ಲೀಟರ್ ನೀರಿನಲ್ಲೇ ಸಿಂಪರಣೆ ಮುಗಿಸುತ್ತದೆ. ದ್ರಾವಣ ಗಾಢವಾಗಿರುವುದರಿಂದ ಅಳತೆ ತಪ್ಪಿದರೆ, ಗಾಳಿ ನೋಡದೆ ಹಾರಿಸಿದರೆ, ಬೆಳೆಗೂ ಪಕ್ಕದ ಹೊಲಕ್ಕೂ ಹಾನಿ. ಆದ್ದರಿಂದ ಹಾರಿಸುವುದರಷ್ಟೇ ಬೆಳೆ ಬಲ್ಲ ವಿವೇಕವೂ ಮುಖ್ಯ.

ಆದರೆ ಒಂದು ಮಾತು. ಇದೇ ಯೋಜನೆಯಲ್ಲಿ ದುರಸ್ತಿಯ ಕೆಲಸವನ್ನು ಸಂಘದ ಇನ್ನೊಬ್ಬ ಸದಸ್ಯೆ ಅಥವಾ ಆಕೆಯ ಮನೆಯವರು ಕಲಿಯಬಹುದೆಂದಿದೆ. ಈ ಅವಕಾಶ ಮನೆಯ ಗಂಡಸರಿಗಷ್ಟೇ ಹೋಗಿಬಿಟ್ಟರೆ, ರಿಪೇರಿ ಬಂದ ದಿನ ಆಕೆ ಮತ್ತೆ ಇನ್ನೊಬ್ಬರ ದಾರಿ ಕಾಯಬೇಕು. ಯಂತ್ರ ಬಿಚ್ಚಿ ಜೋಡಿಸಲು ಬಲ್ಲವರೇ ಅದರ ನಿಜವಾದ ಒಡೆಯರು.

ಅಡ್ಡಿ ಎಲ್ಲಿದೆ?

ಮೊದಲನೆಯದು ಪಹಣಿ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಮಹಿಳೆಯರು ನಡೆಸುವಂಥವು ನೂರಕ್ಕೆ ಸುಮಾರು 14 ಮಾತ್ರ. ಪಹಣಿಯಲ್ಲಿ ಹೆಸರಿದ್ದವರನ್ನೇ ತರಬೇತಿಗೆ ಕರೆದರೆ ಹೊಲದಲ್ಲಿ ದುಡಿಯುವ ಸೊಸೆ, ಮಗಳು, ಭೂಮಿಯೇ ಇಲ್ಲದ ಕೂಲಿಯ ಹೆಣ್ಣುಮಗಳು ಎಲ್ಲರೂ ಹೊರಗೇ ಉಳಿಯುತ್ತಾರೆ. ಎರಡನೆಯದು ವೇಳೆ ಮತ್ತು ಸ್ಥಳ. ಹಾಲು ಕರೆದು, ಅಡುಗೆ ಮುಗಿಸಿ, ಮಗುವನ್ನು ಬಿಟ್ಟು ದೂರದ ಪಟ್ಟಣಕ್ಕೆ ಹದಿನೈದು ದಿನ ಹೋಗುವುದು ಎಷ್ಟು ಮಂದಿಗೆ ಸಾಧ್ಯ? ಮೂರನೆಯದು ಭಾಷೆ. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ತರಬೇತಿ ನೀಡುವ ಸಂಸ್ಥೆಗಳು ಭೂಮಿಯನ್ನಲ್ಲ, ದುಡಿಮೆಯನ್ನು ನೋಡಿ ಆಯ್ಕೆ ಮಾಡಬೇಕು. ಹೋಬಳಿ ಮಟ್ಟಕ್ಕೆ ಬಂದು ಕನ್ನಡದಲ್ಲೇ ಕಲಿಸಬೇಕು.

ನೀವು ಮಾಡಬಹುದಾದುದು

1. ಮಗಳು ಎಸ್.ಎಸ್.ಎಲ್.ಸಿ. ಪಾಸಾಗಿದ್ದರೆ ಐ.ಟಿ.ಐ.ಗಳಲ್ಲಿರುವ ಟ್ರ್ಯಾಕ್ಟರ್ ಮೆಕ್ಯಾನಿಕ್, ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ತರಬೇತಿಗಳನ್ನು ವಿಚಾರಿಸಿ. ಮೊದಲನೆಯದು 1 ವರ್ಷದ್ದು, ಎರಡನೆಯದು 2 ವರ್ಷದ್ದು.

2. ಡ್ರೋನ್ ಹಾರಿಸುವ ಪ್ರಮಾಣಪತ್ರಕ್ಕೆ ಹತ್ತನೇ ತರಗತಿ ತೇರ್ಗಡೆಯಾಗಿ, 18 ವರ್ಷ ತುಂಬಿರಬೇಕು. ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಕಲಿಯಬೇಕು.

3. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುವ ಹೆಣ್ಣುಮಕ್ಕಳಿಗೆ ಕೃಷಿ ಇಂಜಿನಿಯರಿಂಗ್ ಪದವಿಯೂ ಇದೆಯೆಂದು ತಿಳಿಸಿ.

4. ಮನೆಯ ಪಂಪ್‌ಸೆಟ್ಟು, ಸ್ಪ್ರೇಯರ್ ಬಿಚ್ಚುವಾಗ ಮಗನ ಜೊತೆ ಮಗಳನ್ನೂ ಕರೆದು ಕೂರಿಸಿಕೊಳ್ಳಿ. ಮೊದಲ ತರಬೇತಿ ಕೇಂದ್ರ ನಿಮ್ಮ ಅಂಗಳವೇ.

5. ಸಂಘಕ್ಕೆ ಯಂತ್ರ ಬಂದರೆ ಬಾಡಿಗೆಯ ಲೆಕ್ಕಪುಸ್ತಕ, ಬ್ಯಾಂಕ್ ಖಾತೆ ಸದಸ್ಯೆಯರ ಕೈಯಲ್ಲೇ ಇರಲಿ.

“ನಾಳೆ ಮದುವೆಯಾಗಿ ಹೋಗುವವಳಿಗೆ ಇದೆಲ್ಲ ಏಕೆ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೋಗುವವಳೆಂಬ ಕಾರಣಕ್ಕೇ ಬೇಕು. ಹೊಲವನ್ನು ಹೊತ್ತುಕೊಂಡು ಹೋಗಲಾಗದು. ಕಲಿತ ವಿದ್ಯೆ ಅವಳ ಸಂಗಡವೇ ಹೋಗುತ್ತದೆ, ಕಷ್ಟಕಾಲದಲ್ಲಿ ಅನ್ನ ಕೊಡುತ್ತದೆ.

ಯಂತ್ರಗಳು ಇನ್ನೂ ಬರಲಿವೆ. ಅವು ಬರುವ ಮೊದಲೇ ನಮ್ಮ ಹೆಣ್ಣುಮಕ್ಕಳನ್ನು ಸಜ್ಜುಗೊಳಿಸಿದರೆ ಕಳೆದುಹೋಗುವ ಕೂಲಿಯ ಬದಲು ಅವರಿಗೊಂದು ಕಸಬು ದೊರೆತೀತು. ಮುಂದಿನ ಹಂಗಾಮಿಗೆ ನಿಮ್ಮೂರಿಗೆ ತರಬೇತಿಯ ಕರೆ ಬಂದಾಗ, ನಿಮ್ಮ ಹೆಸರಿನ ಜೊತೆಗೆ ಮನೆಯ ಹೆಣ್ಣುಮಗಳ ಹೆಸರನ್ನೂ ತಪ್ಪದೆ ಬರೆಸಿರಿ.