ಯುದ್ಧದ ಟ್ಯಾಂಕ್, ಸೇನೆಯ ಜೀಪು ಯಾರು ಬೇಕಾದರೂ ಕೊಳ್ಳಬಹುದೇ?

ಹಳೆಯ ವಾಹನಗಳ ಪ್ರದರ್ಶನದಲ್ಲಿ ಸೇನೆಯ ಜೀಪು ನಿಂತಿದ್ದರೆ ಸೆಲ್ಫಿಗೆ ಜನ ಮುಗಿಬೀಳುತ್ತಾರೆ. ಅಂಥ ಫೋಟೊಗಳ ಜೊತೆಗೇ "ವಿದೇಶದಲ್ಲಿ ಟ್ಯಾಂಕ್ ಕೂಡ ಕೊಳ್ಳಬಹುದಂತೆ", "ಸೇನೆ ಜೀಪುಗಳನ್ನು ಅಗ್ಗಕ್ಕೆ ಮಾರುತ್ತಿದೆ, ಕೂಡಲೇ ಮುಂಗಡ ಕಟ್ಟಿ" ಎಂಬ ಸಂದೇಶಗಳೂ ಹರಿದಾಡುತ್ತವೆ. ಇದರಲ್ಲಿ ನಿಜವೆಷ್ಟು?

ಟ್ಯಾಂಕ್ ಕೊಳ್ಳುವ ಮಾತು ಅರ್ಧ ನಿಜ

ಬ್ರಿಟನ್‌ನಲ್ಲಿ ಖಾಸಗಿ ಸಂಗ್ರಾಹಕರ ಬಳಿ ಟ್ಯಾಂಕ್‌ಗಳಿವೆ. ಆದರೆ ಅದನ್ನು ರಸ್ತೆಗಿಳಿಸಲು 'ಎಚ್' ವರ್ಗದ ಚಾಲನಾ ಪರವಾನಗಿ ಬೇಕು. ಟಾರು ಕಿತ್ತುಬರದಂತೆ ಉಕ್ಕಿನ ಪಟ್ಟಿಗೆ ರಬ್ಬರ್ ಅಳವಡಿಸಬೇಕು. ಅದರ ಫಿರಂಗಿಯನ್ನು ಸಾಮಾನ್ಯವಾಗಿ ಮತ್ತೆಂದೂ ಸಿಡಿಯದಂತೆ ನಿಷ್ಕ್ರಿಯಗೊಳಿಸಿರುತ್ತಾರೆ.

ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಉದಾಹರಣೆಯಿದೆ. 2015ರಲ್ಲಿ ಕೀಲ್ ನಗರದ ಬಳಿ ಒಂದು ಮನೆಯ ನೆಲಮಾಳಿಗೆಯಲ್ಲಿ ಎರಡನೇ ಮಹಾಯುದ್ಧದ 'ಪ್ಯಾಂಥರ್' ಟ್ಯಾಂಕ್, ವಿಮಾನ ಹೊಡೆಯುವ ಫಿರಂಗಿ ಮತ್ತು ಟಾರ್ಪಿಡೊ ಸಿಕ್ಕವು. ಟ್ಯಾಂಕನ್ನು ಹೊರಗೆಳೆಯಲು ಸುಮಾರು 20 ಸೈನಿಕರಿಗೆ ಹೆಚ್ಚುಕಡಿಮೆ 9 ಗಂಟೆ ಹಿಡಿಯಿತು. 2021ರಲ್ಲಿ ನ್ಯಾಯಾಲಯವು 84 ವರ್ಷದ ಮಾಲೀಕನಿಗೆ 14 ತಿಂಗಳ ಅಮಾನತು ಶಿಕ್ಷೆ ಮತ್ತು 2.5 ಲಕ್ಷ ಯೂರೋ ದಂಡ ವಿಧಿಸಿತು.

ನಮ್ಮಲ್ಲಿ ನಿಯಮವೇನು?

* 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಫಿರಂಗಿಗಳು ನಿಷೇಧಿತ ಆಯುಧಗಳು. ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ.
* ಹಳೆಯ ಜೀಪು ಹೊಂದುವುದು ತಪ್ಪಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಸೇನೆಯ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಅಂದರೆ ಖರೀದಿಸಿದವರು ಬಣ್ಣ ಬದಲಿಸಲೇಬೇಕು.
* 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು 2021ರ ನಿಯಮದಡಿ 'ವಿಂಟೇಜ್' ಎಂದು ನೋಂದಾಯಿಸಬಹುದು. ಆಗ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ.

'ಮಹಾಯುದ್ಧದ ಜೀಪು' ಎಂದ ಮಾತ್ರಕ್ಕೆ ನಂಬಬೇಡಿ

1947ರಿಂದಲೇ ಮಹೀಂದ್ರ ಕಂಪನಿ ಭಾರತದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುತ್ತಿತ್ತು. ಹಾಗಾಗಿ ನೋಡಲು ಯುದ್ಧದ ಜೀಪಿನಂತೆಯೇ ಇದ್ದರೂ ಎಷ್ಟೋ ಜೀಪುಗಳು ಯುದ್ಧ ಕಂಡೇ ಇಲ್ಲ. ಹೇಳುವ ಕಥೆಗಿಂತ ಆರ್‌ಸಿ, ಚಾಸಿ ನಂಬರ್, ಎಂಜಿನ್ ನಂಬರ್ ನೋಡಿ.

ಅಗ್ಗದ ಜೀಪಿನ ಸಂದೇಶ

ಸೇನೆಗೆ ಬೇಡವಾದ ವಾಹನಗಳು ಹರಾಜಿನಲ್ಲಿ ವಿಲೇವಾರಿಯಾಗುತ್ತವೆ, ವಾಟ್ಸಾಪ್‌ನಲ್ಲಿ ಅಲ್ಲ. ಸೈನಿಕನ ಗುರುತಿನ ಚೀಟಿಯ ಫೋಟೊ ಕಳಿಸಿ, "ವರ್ಗಾವಣೆಯಾಗಿದೆ, ಗಾಡಿ ಮಾರಬೇಕು" ಎಂದು ಮುಂಗಡ ಕೇಳುವುದು ವಂಚಕರ ಹಳೆಯ ತಂತ್ರ. ಸಮವಸ್ತ್ರದ ಮೇಲೆ ನಮಗಿರುವ ಗೌರವವೇ ಅವರ ಬಂಡವಾಳ. ವಾಹನವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಂಥ ಸಂದೇಶ ನಿಮಗೆ ಬಂದರೆ ಮುಂದೆ ಕಳಿಸದೆ ಅಲ್ಲಿಗೇ ನಿಲ್ಲಿಸಿ.