ಪೊರೆ ಕಳೆಯುವ ಕಾಲ

ರೋಗಗಳಲ್ಲಿ ಎರಡು ಬಗೆ. ಕೆಲವು ಸಿಡಿಲಿನಂತೆ ಎರಗುತ್ತವೆ. ಅಲ್ಲಿ ಯೋಚನೆಗೆ ಅವಕಾಶವಿಲ್ಲ. ಮತ್ತೆ ಕೆಲವು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬಲಿಯುತ್ತವೆ. ಅಲ್ಲಿ ಶಸ್ತ್ರಚಿಕಿತ್ಸೆ ಬೇಕೆ, ಬೇಕಾದರೆ ಯಾವಾಗ ಎಂಬುದನ್ನು ವೈದ್ಯರ ಸಲಹೆ ಪಡೆದು ರೋಗಿಯೇ ನಿರ್ಧರಿಸಬೇಕಾಗುತ್ತದೆ. ಕಣ್ಣಿನ ಪೊರೆ ಈ ಎರಡನೆಯ ಬಗೆಗೆ ಸೇರಿದುದು.

ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೊರೆ ಬಂದ ಹಿರಿಯರಿಂದ ಎರಡು ಮಾತುಗಳನ್ನು ಕೇಳಬಹುದು: 'ಪೊರೆ ಇನ್ನೂ ಬಲಿತಿಲ್ಲ', 'ರಾಶಿ ಮುಗಿಯಲಿ'. ಇವನ್ನು ಅಜ್ಞಾನವೆಂದು ನಗುವುದು ಸರಿಯಲ್ಲ. ಮೊದಲನೆಯದನ್ನು ಹಿಂದೆ ವೈದ್ಯರೇ ಹೇಳುತ್ತಿದ್ದರು. ಆಗ ಮಂಜಾದ ಮಸೂರವನ್ನು ತೆಗೆದು, ಅದರ ಸ್ಥಾನದಲ್ಲಿ ಬೇರೇನನ್ನೂ ಇಡುತ್ತಿರಲಿಲ್ಲ. ರೋಗಿಯು ದಿನಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಬೇಕಿತ್ತು. ಬಾಳಿನುದ್ದಕ್ಕೂ ದಪ್ಪ ಗಾಜಿನ ಕನ್ನಡಕ ಧರಿಸಬೇಕಿತ್ತು. ದೃಷ್ಟಿ ಬಹಳ ಕುಂದುವವರೆಗೆ ಕಾಯುವುದೇ ಅಂದಿನ ವಿವೇಕ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ನಡೆಸಿ ಅಸಂಖ್ಯಾತ ಬಡವರಿಗೆ ಬೆಳಕು ನೀಡಿದರು. 1968ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು.

ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸಿದರು. ಆ ವಿಧಾನವು ಕ್ರಮೇಣ ಸುಧಾರಿಸಿ ಎಲ್ಲೆಡೆ ಹರಡಿತು. ಈಗ ಸಣ್ಣ ಸೀಳಿನ ಮೂಲಕವೇ ಮಸೂರವನ್ನು ಬದಲಿಸುತ್ತಾರೆ. ಬಹುಪಾಲು ರೋಗಿಗಳು ಅಂದೋ ಮರುದಿನವೋ ಮನೆಗೆ ಮರಳುತ್ತಾರೆ. ಪೊರೆ ಬಲಿತಷ್ಟೂ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಅತಿಯಾಗಿ ಬಲಿತರೆ ಕಣ್ಣಿನೊಳಗಿನ ಒತ್ತಡವೇರಿ, ದೃಷ್ಟಿ ಮರಳಿ ಬಾರದಂತೆ ನಾಶವಾಗಲೂಬಹುದು. ಕಾರಣ ಅಳಿದರೂ ರೂಢಿ ಉಳಿದಿದೆ.

ಹಾಗೆಂದು ಪೊರೆ ಕಂಡೊಡನೆ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಾಗಿಲ್ಲ. ಆರಂಭದಲ್ಲಿ ಕನ್ನಡಕ ಬದಲಿಸಿದರೆ ಸಾಕಾಗಬಹುದು. ಪೊರೆಯ ಬಲಿತಕ್ಕಿಂತ ಬದುಕಿನ ಅಡಚಣೆಯೇ ಸರಿಯಾದ ಅಳತೆಗೋಲು. ಜೋಳದೊಳಗಿನ ಹರಳು ಕಾಣದಾದಾಗ, ಬಸ್ಸಿನ ಬೋರ್ಡು ಓದಲಾಗದಾದಾಗ, ಹೊಲದ ಬದುವಿನಲ್ಲಿ ಕಾಲು ತಪ್ಪಿದಾಗ ಸಮಯ ಬಂದಿತೆಂದು ತಿಳಿಯಬೇಕು. ದೃಷ್ಟಿ ಮಂದವಾಗಲು ಬೇರೆ ರೋಗವೂ ಕಾರಣವಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮೊದಲು ಹತೋಟಿಗೆ ತರಬೇಕಾಗಬಹುದು. ಆದುದರಿಂದ ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು.

'ರಾಶಿ ಮುಗಿಯಲಿ' ಎಂಬ ಮಾತಿನಲ್ಲೂ ಅರ್ಥವಿದೆ. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಹೊಟ್ಟು, ಧೂಳು ತಾಗಬಾರದು. ಕೆಲವು ವಾರ ಭಾರ ಎತ್ತಬಾರದು. ಆದರೆ ಹೆಸರು, ಉದ್ದಿನ ರಾಶಿಯ ಬೆನ್ನಿಗೆ ಸೋಯಾ, ಅದರ ಹಿಂದೆ ತೊಗರಿ, ಆಮೇಲೆ ಹಿಂಗಾರಿ ಜೋಳ! ಅಷ್ಟರಲ್ಲಿ ಮತ್ತೆ ಬಿತ್ತನೆ. ದಿನವನ್ನು ಗೊತ್ತುಪಡಿಸದ ಕಾಯುವಿಕೆ ಮುಗಿಯುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಹೀಗೆ ಎಲ್ಲರಿಗಿಂತ ಕೊನೆಗೆ ಉಳಿಯುವುದು ಅಜ್ಜಿಯ ಕಣ್ಣು.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿ ದೊರೆಯುವಂತಾಯಿತು. ಬೀದರ ನಗರದಲ್ಲಿ ಈಗ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೂ ಇದೆ. ಆದರೂ ಔರಾದಿನ ಹಳ್ಳಿಯ ವೃದ್ಧೆ ಅಲ್ಲಿಗೆ ಒಬ್ಬಳೇ ಹೋಗಲಾರಳು. ಜೊತೆಗೆ ಹೋಗುವವರು ಒಂದು ದಿನದ ಕೂಲಿ ಬಿಡಬೇಕು. ಶಸ್ತ್ರಚಿಕಿತ್ಸೆಯ ನಿರ್ಧಾರ ರೋಗಿಯದೇ. ಆದರೆ ಅದು ಕೈಗೂಡುವಂತೆ ಮಾಡುವ ಹೊಣೆ ಮನೆಯವರದು. ಓದುಬರಹ ಬಲ್ಲ ಮೊಮ್ಮಕ್ಕಳು ವೈದ್ಯರ ಚೀಟಿಯನ್ನು ಓದಿ ಹೇಳಿ, ಹೊತ್ತಿಗೆ ಸರಿಯಾಗಿ ಔಷಧದ ಹನಿ ಹಾಕಿದರೆ ಹಿರಿಯರ ಅಂಜಿಕೆ ಅರ್ಧ ಕಳೆಯುತ್ತದೆ. ಅವಸರವೂ ಸಲ್ಲದು, ಆಲಸ್ಯವೂ ಸಲ್ಲದು. ತಿಳಿದು ಗೊತ್ತುಮಾಡಿದ ದಿನವೇ ಸಕಾಲ.